ಮಾಯಾದುರ್ಗದಲ್ಲಿ ಕಾಂತಪ್ಪನ ಜಗಲಿ

ಇದು ರಾಜನ ಕತೆಯಲ್ಲ, ರಾಜನಿಗೆ ಕಾಫಿ ಕೊಟ್ಟವನ ಕತೆ. ಸಿನೆಮಾ ಸ್ಟುಡಿಯೋಗಳ ಬೀಡಾದ ವಡಪಳನಿಯಲ್ಲಿ ಅದೇನೂ ದೊಡ್ಡ ಮಾತಲ್ಲ. ಸೀರಿಯಲ್ ಶೂಟಿಂಗ್ ಇದ್ದ ದಿನ ಕಿರೀಟವನ್ನು ಕಂಕುಳಲ್ಲಿ ಇರುಕಿಕೊಂಡ ಮಹಾರಾಜರೂ, ಅಂಟಿಸಿದ ಮೀಸೆಗೆ ಸಾಂಬಾರು ತಾಗದ ಹಾಗೆ ಬಾಯಿ ಅಗಲಿಸಿ ಇಡ್ಲಿ ನುಂಗುವ ಸೇನಾಪತಿಗಳೂ ಕಾಂತಪ್ಪನ ಹೋಟೆಲಿಗೇ ಬರುತ್ತಾರೆ. ಕತ್ತಿ ಎಲ್ಲಿಡುವುದೆಂದು ಅವರು ತಡಕಾಡುವಾಗ ಕಾಂತಪ್ಪ ಮುಂದೆ ಬಂದು, "ಕೊಡಿ ಸಾರ್, ಕೊಡೆಯ ಒಟ್ಟಿಗೆ ಇಡುವ" ಎಂದು ಅದನ್ನು ಬಾಗಿಲ ಬಳಿಯ ಕೊಡೆಗಳ ಬುಟ್ಟಿಗೆ ಇಳಿಸುತ್ತಾನೆ.

ಕಾಂತಪ್ಪ ಕಾರ್ಕಳದ ಕಡೆಯವನು. ಮೀಸೆ ಚಿಗುರುವ ಮೊದಲೇ ಈ ಊರಿಗೆ ಬಂದ. ಟೇಬಲ್ ಒರೆಸಿದ, ನೀರಿಟ್ಟ, ಸಪ್ಲೈ ಮಾಡಿದ. ಈಗ ತಲೆ ನೆರೆತಿದೆ, ಊಟದ ಹಾಲ್‌ಗೆ ಅವನೇ ಸೂಪರ್‌ವೈಸರ್. ಸಿಟ್ಟಾದ ಗಿರಾಕಿಯ ಎದುರು ಹೋಗಿ ನಿಲ್ಲುವುದು ಅವನ ಮುಖ್ಯ ಕೆಲಸ. ಈಗಿನ ಗಿರಾಕಿಗಳು ಎದುರೆದುರೇ ಬೈಯುವುದು ಕಡಿಮೆ. ನಗುನಗುತ್ತಾ ಕೈ ತೊಳೆದು ಹೋಗಿ, ಮನೆ ಸೇರಿದ ಮೇಲೆ ಫೋನಿನಲ್ಲಿ ಒಂದೇ ಒಂದು ನಕ್ಷತ್ರ ಕೊಟ್ಟು, ವಡೆ ತಣ್ಣಗಿತ್ತೆಂದು ಬರೆಯುತ್ತಾರೆ. ಅದಕ್ಕೆ ಉತ್ತರ ಬರೆಯುವವನೂ ಕಾಂತಪ್ಪನೇ. ಎಲ್ಲರಿಗೂ ಒಂದೇ ಉತ್ತರ: "ಪ್ರಿಯ ಗ್ರಾಹಕರೇ, ನಿಮಗಾದ ಬೇಸರಕ್ಕೆ ವಿಷಾದವಿದೆ. ಬೇಗ ಸರಿಪಡಿಸುತ್ತೇವೆ. ಮುಂದಿನ ಸಲ ಬಂದಾಗ ನನ್ನ ಹೆಸರು ಹೇಳಿ ಕೇಳಿ. ಇಂತಿ ಕಾಂತಪ್ಪ, ಸೂಪರ್‌ವೈಸರ್."

ಇಷ್ಟು ಹೊರಗಿನ ಕಾಂತಪ್ಪ. ಒಳಗಿನ ಕಾಂತಪ್ಪನನ್ನು ನೋಡಬೇಕಾದರೆ ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಹೋಟೆಲಿನ ಟೆರೇಸಿಗೆ ಹತ್ತಬೇಕು.

ಅಲ್ಲಿ ತಗಡಿನ ಮಾಡಿನ ಕೆಳಗೆ ಕೆಲಸದವರೆಲ್ಲ ಒಂದೇ ಸಾಲಿನಲ್ಲಿ ಉಣ್ಣಲು ಕೂರುತ್ತಾರೆ. ಆ ಸಾಲಿಗೊಂದು ಕ್ರಮವಿದೆ. ಎಲೆಗೆ ಅನ್ನ ಬಿದ್ದರೂ, ಸಾಂಬಾರು ಬಿದ್ದರೂ ಯಾರೂ ಕೈ ಹಾಕುವಂತಿಲ್ಲ. ಸಾಲಿನ ತಲೆಯಲ್ಲಿ ಕೂತ ಹಿರಿಯ ಮೊದಲ ತುತ್ತು ತಿಂದು ಮಾತಾಡಬೇಕು. ಆ ಹಿರಿಯ ಕಾಂತಪ್ಪ. ಅವನು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುತ್ತಾನೆ. ಅಡುಗೆಯ ವಿಠ್ಠಲ ಸೌಟು ಹಿಡಿದು ಪರೀಕ್ಷೆಗೆ ನಿಂತವನ ಹಾಗೆ ನಿಲ್ಲುತ್ತಾನೆ. "ಅಡ್ಡಿಲ್ಲ" ಎಂದರೆ ವಿಠ್ಠಲನ ಹೆಗಲು ಇಳಿಯುತ್ತದೆ. "ಹುಳಿ ಸ್ವಲ್ಪ ಮುಂದೆ ಹೋಯ್ತು" ಎಂದರೆ ಸಂಜೆವರೆಗೂ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರು. ಎಲ್ಲರೂ ತನ್ನ ಬಾಯನ್ನೇ ನೋಡುವ ಆ ಗಳಿಗೆಗಾಗಿ ಕಾಂತಪ್ಪ ದಿನವಿಡೀ ನಿಂತ ಕಾಲಿನಲ್ಲಿ ದುಡಿಯುತ್ತಿದ್ದ.

ಹೀಗಿರುವಾಗ ಹೋಟೆಲಿಗೆ ಕ್ಯಾಷಿಯರ್ ಆಗಿ ರಜತ್ ಬಂದ, ಅವನ ಹಿಂದೆಯೇ ಮಾಯಾದುರ್ಗವೂ ಬಂತು.

ಮಾಯಾದುರ್ಗ ಎಂಬುದು ಫೋನಿನಲ್ಲಿ ಆಡುವ ಆಟ. ಒಬ್ಬರೇ ಆಡುವಂಥದ್ದಲ್ಲ. ಎಲ್ಲೆಲ್ಲಿಂದಲೋ ಸಾವಿರಾರು ಜನ ಒಂದೇ ಲೋಕದೊಳಗೆ ಇಳಿಯುತ್ತಾರೆ. ಒಬ್ಬ ಬಿಲ್ಲುಗಾರ, ಒಬ್ಬ ಮಂತ್ರವಾದಿ, ಒಬ್ಬಳು ಗಾಯ ಮಾಯಿಸುವ ವೈದ್ಯೆ. ಗುಂಪು ಕಟ್ಟಿಕೊಂಡು ಗುಹೆಗಳಿಗೆ ನುಗ್ಗಿ ರಾಕ್ಷಸರನ್ನು ಕೆಡವುತ್ತಾರೆ, ಮೈಕಿನಲ್ಲಿ ಕೂಗಾಡುತ್ತಾರೆ, ಸತ್ತರೆ ಊರಬಾಗಿಲಿನಲ್ಲಿ ಪುನಃ ಹುಟ್ಟುತ್ತಾರೆ. ಆಟದ ಬಗ್ಗೆ ಯಾರಿಗೆ ಏನನ್ನಿಸಿತೋ ಅದನ್ನು ಬರೆಯಲಿಕ್ಕೆ ಅಭಿಪ್ರಾಯಗಳ ಪುಟ ಒಂದಿದೆ. ಓದಿದವರು ಮೆಚ್ಚಿದರೆ ಅದರಡಿ ಲೈಕಿನ ಹೆಬ್ಬೆರಳು ಒತ್ತುತ್ತಾರೆ, ಬೇಕೆನಿಸಿದರೆ ಉತ್ತರ ಬರೆಯುತ್ತಾರೆ. ಆ ಪುಟದ ನೆತ್ತಿಯ ಮೇಲೆ ಯಾವಾಗಲೂ ರಜತನ ಅಭಿಪ್ರಾಯ. ಯಾವ ಗುಹೆ ಚೆನ್ನಾಗಿದೆ, ಯಾವ ಕತ್ತಿ ಮೋಸ, ಹೊಸ ರಾಕ್ಷಸ ಯಾಕೆ ಬೋರು, ಎಲ್ಲವನ್ನೂ ಅವನು ಎದುರು ಕೂತು ಮಾತಾಡಿದ ಹಾಗೆ ಬರೆಯುತ್ತಿದ್ದ. ಹೆಬ್ಬೆರಳುಗಳು ಸಾವಿರಗಟ್ಟಲೆ ಬೀಳುತ್ತಿದ್ದವು.

ಹೋಟೆಲಿನಲ್ಲಿ ಒಬ್ಬರಾದ ಮೇಲೊಬ್ಬರು ಆಟಕ್ಕೆ ಬಿದ್ದರು. ಸಪ್ಲೈ ಪ್ರವೀಣ ಬಿಲ್ಲುಗಾರನಾದ. ಅಡುಗೆಯ ವಿಠ್ಠಲ ಮಂತ್ರವಾದಿಯಾದ.

ಒಂದು ಮಧ್ಯಾಹ್ನ ಕಾಂತಪ್ಪ ತುತ್ತು ತಿಂದು, ಕಣ್ಣು ಮುಚ್ಚಿ, ತೆರೆದು, "ಇವತ್ತು ಕೊತ್ತಂಬರಿ ಹುರಿದದ್ದು ಹದ ಆಗಿದೆ" ಎಂದ. ವಿಠ್ಠಲನ ಕಡೆ ನೋಡಿದರೆ, ಸೌಟು ಕಾಂತಪ್ಪನ ಕಡೆಗಿತ್ತು, ಮುಖ ರಜತನ ಕಡೆಗಿತ್ತು.

"ಹೊಸ ಹಾವಿನ ಗುಹೆ ಹೇಗುಂಟು ರಜತಾ? ಹೋಗ್ಲಿಕ್ಕೆ ಆಗ್ತದಾ?" ವಿಠ್ಠಲ ಕೇಳುತ್ತಿದ್ದ.

ರಜತ್ ಅನ್ನ ಕಲಸುತ್ತಾ, "ಸುಮ್ನೆ ದಂಡ ಮಾರ್ರೆ. ದೊಡ್ಡ ಹಾವು ಒಂದುಂಟು, ಅದು ಬಾಗಿಲಲ್ಲೇ ಸಿಕ್ಕಿಹಾಕಿಕೊಳ್ತದೆ. ಒಂದು ವಾರ ಕಾಯಿರಿ" ಎಂದ.

ಸಾಲಿಡೀ ತಲೆ ಆಡಿಸಿತು. ರಜತ್ ತುತ್ತು ಬಾಯಿಗಿಟ್ಟ, ಸಾಲೂ ಇಟ್ಟಿತು.

ಕಾಂತಪ್ಪನಿಗೆ ಎದೆಯಿಂದ ಹೊಟ್ಟೆಯವರೆಗೆ ಉರಿ ಇಳಿಯಿತು. ಗ್ಯಾಸ್ ಇರಬೇಕೆಂದುಕೊಂಡು ಕೆಳಗಿಳಿದು ಓಮದ ನೀರು ಕುಡಿದ. ಕಡಿಮೆಯಾಗಲಿಲ್ಲ. ಮರುದಿನವೂ ಅದೇ ಉರಿ, ಸರಿಯಾಗಿ ಊಟದ ಹೊತ್ತಿಗೆ.

ವಾರದ ರಜೆಯ ಬೆಳಿಗ್ಗೆ, ವಡಪಳನಿಯ ಪಕ್ಕದ ಸಾಲಿಗ್ರಾಮಂನ ಮನೆಯಲ್ಲಿ ಮಗಳು ಸಮೀಕ್ಷಾಳ ಎದುರು ಫೋನು ಚಾಚಿದ. "ಆ ಮಾಯಾದುರ್ಗ ಒಂದು ಹಾಕಿಕೊಡು."

ಸಮೀಕ್ಷಾ ಕಾಲೇಜಿಗೆ ಹೊರಟಿದ್ದಳು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವುದು ಅವಳ ರೂಢಿ. "ಉಂಗಳುಕ್ಕಾ ಅಪ್ಪಾ? ಎದುಕ್ಕು?" ನಿಮಗಾ, ಯಾಕೆ ಎಂದು ಕೇಳಿದಳು.

"ಎದುಕ್ಕು ಎಂತ ಎದುಕ್ಕು. ಎಲ್ರೂ ಆಡ್ತಾರೆ."

ಒಳಗಿನಿಂದ ಹೆಂಡತಿ ರತ್ನಾವತಿಯ ಸ್ವರ ಬಂತು. "ಎಲ್ರೂ ಅಲ್ಲ, ಆ ರಜತ್ ಆಡ್ತಾನೆ. ಅದಕ್ಕೆ ಇವರಿಗೆ ಬೇಕು. ಒಂದು ವಾರದಿಂದ ಮನೆಯ ಓಮವೆಲ್ಲ ಖಾಲಿ ಮಾಡಿದ್ದಾರೆ. ಅದು ಗ್ಯಾಸ್ ಅಲ್ಲ ಮಾರಾಯ್ರೆ, ಹೊಟ್ಟೆಕಿಚ್ಚು. ಅದಕ್ಕೆ ಓಮ ನಾಟುವುದಿಲ್ಲ."

"ನೀನು ಸುಮ್ನಿರು. ನನಗೆಂತ ಅವನ ಮೇಲೆ ಕಿಚ್ಚು? ಅವನು ಹುಟ್ಟುವಾಗ ನಾನು ಸಪ್ಲೈಯಲ್ಲಿದ್ದೆ."

"ಅದೇ ಉರಿಯುವುದು ನಿಮಗೆ."

ಸಮೀಕ್ಷಾ ನಗುತ್ತಾ ಆಟ ಹಾಕಿಕೊಟ್ಟಳು. ಹೆಸರೇನಿಡಲಿ ಎಂದಳು. ಅಲ್ಲಿ ಎಲ್ಲರೂ ರುದ್ರಖಡ್ಗ, ಬ್ಲಡ್ ಕಿಂಗ್, ಕಾಳರಾತ್ರಿ ಎಂದೆಲ್ಲ ಇಟ್ಟುಕೊಂಡವರು. ಇವನು ಕಾಂತಪ್ಪ ಎಂದೇ ಇಡಿಸಿದ. ಹೀಗೆ ಮಾಯಾದುರ್ಗದ ಬಾಗಿಲಿನಲ್ಲಿ, ನೆತ್ತಿಯ ಮೇಲೆ ತನ್ನದೇ ಹೆಸರು ಹೊತ್ತು, ಕೈಯಲ್ಲೊಂದು ಮರದ ಕತ್ತಿ ಹಿಡಿದು ಕಾಂತಪ್ಪ ಹುಟ್ಟಿದ. ಹುಟ್ಟಿದವನೇ ಒಂದು ಕಪ್ಪೆಯ ಕೈಯಲ್ಲಿ ಸತ್ತ. ಮತ್ತೆ ಹುಟ್ಟಿದ. ಅದೇ ಕಪ್ಪೆ ಕಾಯುತ್ತಿತ್ತು.

ಯುದ್ಧ ತನ್ನದಲ್ಲವೆಂದು ತಿಳಿಯಿತು. ಆಟದಲ್ಲಿ ಹೊಸಬರಿಗೆಲ್ಲ ಊರಂಚಿನಲ್ಲಿ ಪುಟ್ಟ ಮನೆಯೊಂದು ಸಿಗುತ್ತದೆ, ಎದುರಿಗೊಂದು ಜಗಲಿ. ಉಳಿದವರು ಅದನ್ನು ಕತ್ತಿ ಗುರಾಣಿ ತುಂಬುವ ಉಗ್ರಾಣ ಮಾಡಿಕೊಂಡಿದ್ದರು. ಕಾಂತಪ್ಪ ಕಾಡಿಗೆ ಹೋಗಿ ಕಟ್ಟಿಗೆ ತಂದ, ಬೆಂಚು ಮಾಡಿದ. ಇನ್ನೊಂದು ಬೆಂಚು ಮಾಡಿದ. ನಡುವೆ ನಡೆದಾಡಲು ಜಾಗ ಬಿಟ್ಟು, ಗೋಡೆಗೆ ತಾಗದ ಹಾಗೆ ಸಾಲಾಗಿ ಜೋಡಿಸಿದ. ಬೇರೇನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ.

ಆಮೇಲೆ ಅಭಿಪ್ರಾಯಗಳ ಪುಟಕ್ಕೆ ಹೋಗಿ, ಅದಕ್ಕೇ ಬಂದವನಲ್ಲವೇ, ತನ್ನ ಅಭಿಪ್ರಾಯ ಬರೆದ: "ಆಟ ಅಡ್ಡಿಲ್ಲ." ಕಾಂತಪ್ಪ ತನ್ನ ಮದುವೆಯ ಊಟಕ್ಕೂ ಇದಕ್ಕಿಂತ ದೊಡ್ಡ ಹೊಗಳಿಕೆ ಕೊಟ್ಟವನಲ್ಲ. ಒಂದೇ ಒಂದು ಹೆಬ್ಬೆರಳು ಬಿತ್ತು. ಅದು ಸಮೀಕ್ಷಾಳದು. ಮೇಲೆ ನೋಡಿದರೆ ರಜತನ ಬರಹ, ಅದರಡಿ ಹೆಬ್ಬೆರಳುಗಳ ಜಾತ್ರೆ. ಕಾಂತಪ್ಪ ಅದನ್ನು ಓದಿದ. ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ಕಷ್ಟ. ಹೆಬ್ಬೆರಳು ಒತ್ತಲು ಬೆರಳು ಹೋಯಿತು, ಹಿಂದೆ ಬಂತು.

ಇನ್ನು ರಜತನ ಮಾತು. ಅವನು ಈ ಊರಿನಲ್ಲಿ ಒಂಟಿ. ಹಗಲಿಡೀ ಬಿಲ್ಲು, ಚಿಲ್ಲರೆ, ಟೋಕನ್. ಅವನ ಗೆಳೆಯರೆಲ್ಲ ಮಾಯಾದುರ್ಗದಲ್ಲಿದ್ದರು. ಕೀಲ್ಪಾಕ್‌ನ ಹಾಸ್ಟೆಲಿನಲ್ಲಿ ಡಾಕ್ಟರಿಕೆ ಓದುವ ಕೌಶಿಕ್, ಮಣಲಿಯ ಎಣ್ಣೆ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವ ಇನ್ನೊಬ್ಬ. ಮುಖ ನೋಡಿದವರಲ್ಲ. ಆಟದ ನದಿಯ ದಡದಲ್ಲಿ ಅಂಬಿಗನ ಕಟ್ಟೆ ಎಂಬುದೊಂದಿತ್ತು. ಅರಳಿಮರ, ಸುತ್ತ ಕಲ್ಲಿನ ಕಟ್ಟೆ. ಹೊಡೆದಾಡಿ ಬಂದವರು ಅಲ್ಲಿ ಕೂತರೆ ಗಾಯ ತಾನಾಗಿ ಮಾಯುತ್ತದೆ. ಮಾಯುವಷ್ಟು ಹೊತ್ತು ಹರಟೆ. ಗಾಯವಿಲ್ಲದಿದ್ದರೂ ಕೂರುವವರೇ ಹೆಚ್ಚು.

ಒಂದು ದಿನ ಆಟ ಮಾಡಿದವರು ಹೊಸ ರೂಪ ಬಿಟ್ಟರು. ಕಟ್ಟೆ ಇಲ್ಲ. ಅರಳಿಮರದ ಜಾಗದಲ್ಲಿ ಬಣ್ಣಬಣ್ಣದ ಅಂಗಿ ಮಾರುವ ಅಂಗಡಿ.

ರಜತ್ ಅಂದು ಮೊದಲ ಬಾರಿಗೆ ಒಂದು ನಕ್ಷತ್ರ ಕೊಟ್ಟ. "ನಮಗೆ ಹೊಸ ರಾಕ್ಷಸ ಬೇಡ, ಹೊಸ ಅಂಗಿಯೂ ಬೇಡ. ಕೂರಲು ಒಂದು ಕಟ್ಟೆ ಇತ್ತು, ಅದನ್ನು ತೆಗೆದಿರಿ. ಇನ್ನು ಇಲ್ಲಿ ಕೊಲ್ಲುವುದು, ಸಾಯುವುದು, ಕೊಳ್ಳುವುದು ಅಷ್ಟೇ" ಎಂದು ಬರೆದ. ಹೆಬ್ಬೆರಳುಗಳ ಮಳೆ ಸುರಿಯಿತು. ಅವನ ಹಿಂದೆ ನೂರಾರು ಜನ ಒಂದೊಂದು ನಕ್ಷತ್ರ ಕೊಟ್ಟರು. ಆಟದ ಕಂಪೆನಿ ತುಟಿ ಬಿಚ್ಚಲಿಲ್ಲ.

ಕಾಂತಪ್ಪ ಬೆಳಗಿನ ತಿಂಡಿಯ ಗದ್ದಲ ಮುಗಿಸಿ, ಹೋಟೆಲಿನ ಬೈಗುಳಗಳಿಗೆಲ್ಲ ಉತ್ತರ ಬರೆದು, ಅದೇ ಕೈಯಲ್ಲಿ ಮಾಯಾದುರ್ಗದ ಪುಟ ತೆರೆದ. ರಜತನ ಒಂಟಿ ನಕ್ಷತ್ರ ಕಣ್ಣಿಗೆ ಬಿತ್ತು. ಬಿದ್ದ ಕೂಡಲೇ ಎದೆಯ ಉರಿಗೆ ಒಂದು ದಾರಿ ಕಂಡಿತು. ದೂರು ಹೇಳುವವನು ಗಿರಾಕಿ. ಉತ್ತರ ಕೊಡುವವನು ಸೂಪರ್‌ವೈಸರ್. ಟೇಬಲಿನ ಆ ಕಡೆ ರಜತ್ ಕೂತಿದ್ದಾನೆ, ಈ ಕಡೆ ನಾನು ನಿಂತಿದ್ದೇನೆ! ರಜತನ ಬರಹದಡಿ ಬೆರಳು ತಾನಾಗಿ ಓಡಿತು. "ಪ್ರಿಯ ಗ್ರಾಹಕರೇ, ನಿಮಗಾದ ಬೇಸರಕ್ಕೆ ವಿಷಾದವಿದೆ. ಕೂರುವ ಜಾಗವನ್ನು ಬರುವ ಶುಕ್ರವಾರದೊಳಗೆ ಸರಿಪಡಿಸುತ್ತೇವೆ. ಮುಂದಿನ ಸಲ ಬಂದಾಗ ನನ್ನ ಹೆಸರು ಹೇಳಿ ಕೇಳಿ. ಇಂತಿ ಕಾಂತಪ್ಪ, ಸೂಪರ್‌ವೈಸರ್."

ಬರೆದು ಮುಗಿಸಿದಾಗ ಓಮದ ನೀರು ಬೇಕಾಗಲಿಲ್ಲ.

ಮರುದಿನ ಊಟದ ವಿರಾಮದಲ್ಲಿ ಆಟ ತೆರೆದರೆ, ಊರಬಾಗಿಲಿನಲ್ಲಿ ಕಪ್ಪೆ ಕಾಣುತ್ತಿಲ್ಲ. ಅಷ್ಟು ಜನ! ಬಿಲ್ಲಿನವರು, ಕೊಡಲಿಯವರು, ರೆಕ್ಕೆ ಇರುವವರು. ಎಲ್ಲರೂ ಕಾಂತಪ್ಪನ ಸುತ್ತ.

"ಸೂಪರ್‌ವೈಸರ್ ಸಾರ್! ಕಂಪೆನಿಯಿಂದ ಕಡೆಗೂ ಒಬ್ಬ ಬಂದ್ರಲ್ಲ!"

"ಸಾರ್, ನನ್ನ ಕುದುರೆ ಗೋಡೆಯೊಳಗೆ ಸಿಕ್ಕಿಕೊಂಡಿದೆ ಸಾರ್."

"ಕಟ್ಟೆ ನಿಜವಾಗ್ಲೂ ಬರ್ತದಾ ಸಾರ್?"

ನಾನು ಕಂಪೆನಿಯವನಲ್ಲ ಎಂದು ಹೇಳಲು ಕಾಂತಪ್ಪ ಬಾಯಿ ತೆರೆದ. ಆದರೆ ಗದ್ದಲದ ನಡುವೆ ಅವನ ಬಾಯಿಯಿಂದ ಇಷ್ಟು ವರ್ಷ ಬಂದದ್ದೇ ಬಂತು. "ಒರು ನಿಮಿಷಂ ಸಾರ್. ನಿಮ್ದೇ ನೋಡ್ತಿದ್ದೇನೆ. ಕುದುರೆಯವರು ಈ ಕಡೆ ಬನ್ನಿ. ಕಟ್ಟೆ ಬರ್ತದೆ, ಶುಕ್ರವಾರ ಬರ್ತದೆ."

ಟೆರೇಸಿನ ಸಾಲಿನಲ್ಲಿ ಅಂದು ಎಲೆಗಳ ಮೇಲೆ ಅನ್ನ ಆರುತ್ತಿತ್ತು. ಯಾರೂ ಕೈ ಹಾಕಿರಲಿಲ್ಲ. ಎಲ್ಲರ ಮುಖವೂ ಕಾಂತಪ್ಪನ ಕಡೆಗೆ.

"ಅಣ್ಣ, ನಿಮಗೆ ಕಂಪೆನಿಯಲ್ಲಿ ಜನ ಉಂಟಾ?" ಪ್ರವೀಣ ಕೇಳಿದ.

"ಈ ಅಣ್ಣನನ್ನು ನಾವು ಬರೀ ಸಾಂಬಾರಿಗೆ ಇಟ್ಟುಕೊಂಡಿದ್ದೆವಲ್ಲ ಮಾರಾಯ!" ಎಂದ ವಿಠ್ಠಲ.

ರಜತ್ ತಲೆ ಎತ್ತಿದ. ಅವನ ಮುಖ ಕಾಂತಪ್ಪನಿಗೆ ಚೆನ್ನಾಗಿ ಗೊತ್ತಿದ್ದ ಮುಖ. ಇಷ್ಟು ದಿನ ತಾನೇ ಹೊತ್ತು ತಿರುಗಿದ ಮುಖ. "ವರ್ಷಗಟ್ಟಲೆ ಬರೆದೆ ನಾನು" ಎಂದ ರಜತ್, ಮೆಲ್ಲಗೆ. "ಒಂದು ಸಾಲು ಉತ್ತರ ಬರ್ಲಿಲ್ಲ. ನೀವು ನಿನ್ನೆ ಬಂದವರು. ನೀವು ಕಂಪೆನಿಯವರಾ ಅಣ್ಣ? ಹೌದಾದ್ರೆ ಹೌದನ್ನಿ."

ಹೌದು ಎಂದರೆ ಸುಳ್ಳು. ಅಲ್ಲ ಎಂದರೆ ಈ ಸಾಲು, ಈ ಮುಖಗಳು ಮತ್ತೆ ಆ ಕಡೆ ತಿರುಗುತ್ತವೆ. ಕಾಂತಪ್ಪ ತುತ್ತು ಬಾಯಿಗಿಟ್ಟ, ಕಣ್ಣು ಮುಚ್ಚಿದ.

"ಅಡ್ಡಿಲ್ಲ" ಎಂದ. ಸಾಂಬಾರಿಗೋ ಪ್ರಶ್ನೆಗೋ ಯಾರೂ ಕೇಳಲಿಲ್ಲ. ರಜತ್ ಅರ್ಧ ಊಟ ಬಿಟ್ಟು ಎದ್ದ. ಆ ದಿನದ ಸಾಂಬಾರಿನಷ್ಟು ರುಚಿ ಕಾಂತಪ್ಪ ಯಾವತ್ತೂ ಕಂಡಿರಲಿಲ್ಲ.

ಮನೆಯಲ್ಲಿ ರತ್ನಾವತಿ ಕೇಳಿದಳು. "ಶುಕ್ರವಾರ ಕಟ್ಟೆ ಬರದಿದ್ರೆ?"

"ಬರ್ತದೆ. ಅಷ್ಟು ಜನ ಕೇಳಿದ ಮೇಲೆ ಮಾಡದೆ ಇರ್ತಾರಾ?"

"ನೀವು ಮಾಡ್ತೀರಾ? ವಡೆ ತಣ್ಣಗೆ ಅಂತ ಎಷ್ಟು ಜನ ಬರೆದರು!"



ಶುಕ್ರವಾರ ಬಂತು. ಆಟಕ್ಕೆ ಹೊಸ ರೂಪವೂ ಬಂತು. ಕಟ್ಟೆ ಬರಲಿಲ್ಲ. ಅಂಗಿಯ ಅಂಗಡಿಯ ಪಕ್ಕದಲ್ಲಿ ಚಪ್ಪಲಿಯ ಅಂಗಡಿ ಎದ್ದಿತ್ತು.

ಅಂದಿನ ಊಟದ ಸಾಲಿನಲ್ಲಿ ಎಲ್ಲರ ಫೋನೂ ತೆರೆದಿತ್ತು. ಊರಬಾಗಿಲಿನಲ್ಲಿ ನಿಂತ ಕಾಂತಪ್ಪನ ಮೇಲೆ ಬೈಗುಳ ಬೀಳುತ್ತಿತ್ತು. "ಏನ್ ಸಾರ್, ಶುಕ್ರವಾರ ಅಂದ್ರಿ?" "ಕಂಪೆನಿಯವರೆಲ್ಲ ಒಂದೇ!" ಅಭಿಪ್ರಾಯಗಳ ಪುಟದಲ್ಲಿ ಒಂದೊಂದೇ ನಕ್ಷತ್ರಗಳು ಅವನ ಹೆಸರು ಹೊತ್ತು ಉದುರುತ್ತಿದ್ದವು. ಟೆರೇಸಿನಲ್ಲಿ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಆಸೆಪಟ್ಟದ್ದು ಇದೇ ನೋಟವನ್ನು. ಈಗ ಅದು ಬೆಂಕಿಯ ಹಾಗೆ ಸುಡುತ್ತಿತ್ತು.

ಇವನು ಹೋಟೆಲಿನವನು ಎಂದು ಮೈಕಿನಲ್ಲಿ ರಜತ್ ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ. ಎಲೆಯ ಮುಂದೆ ಕೈಕಟ್ಟಿ ಕೂತು, "ಹೇಳಿ ಅಣ್ಣ. ಕೇಳ್ತಿದ್ದಾರೆ ನೋಡಿ" ಎಂದನಷ್ಟೇ.

ಹಾಲ್ ತುಂಬಿ, ಮಕ್ಕಳು ಮುದುಕರ ಸಮೇತ ಸಂಸಾರವೊಂದು ನಿಂತೇ ಇದ್ದರೆ ಸೂಪರ್‌ವೈಸರ್ ಏನು ಮಾಡುತ್ತಾನೆ? ಅದಕ್ಕೂ ಒಂದು ಕ್ರಮವಿದೆ. ಮೊದಲು, ಜಾಗ ಇಲ್ಲ ಎಂದು ನಿಜ ಹೇಳಬೇಕು. ಆಮೇಲೆ ಗಲ್ಲಾದ ಪಕ್ಕದ ತನ್ನ ಕುರ್ಚಿಯನ್ನು ಎಳೆದು ಕೊಡಬೇಕು. ಕಾಂತಪ್ಪ ಎಡಗೈಯಿಂದ ಮೈಕು ಒತ್ತಿದ.

"ಕೇಳಿ ಸಾರ್. ನಾನು ಕಂಪೆನಿಯವನಲ್ಲ. ಸೂಪರ್‌ವೈಸರ್ ಹೌದು, ವಡಪಳನಿಯಲ್ಲಿ ಒಂದು ಹೋಟೆಲಿದ್ದು. ಕಟ್ಟೆ ಕೊಡ್ಲಿಕ್ಕೆ ನನ್ನ ಕೈಯಲ್ಲಿ ಆಗುವುದಿಲ್ಲ. ಈ ರಜತ್ ಬರೆದದ್ದಕ್ಕೆ ಎಲ್ರೂ ತಲೆ ಆಡಿಸ್ತೀರಲ್ಲ, ಅದು ನನಗೆ ಸಹಿಸ್ಲಿಕ್ಕೆ ಆಗ್ಲಿಲ್ಲ. ಅದಕ್ಕೆ ಹಾಗೆ ಬರೆದದ್ದು. ಅವನು ಹೇಳಿದ್ದು ಸರಿಯೇ. ಕೂರ್ಲಿಕ್ಕೆ ಜಾಗ ಬೇಕು."

ಮಾಯಾದುರ್ಗದ ತುಂಬ ನಗು, ಬೈಗುಳ, ಶಿಳ್ಳೆ. ಬಹಳ ಜನ ಹೊರಟುಹೋದರು.

"ಹೋಗುವವರು ಹೋಗಿ" ಎಂದ ಕಾಂತಪ್ಪ. "ಕೂರುವವರು ಬನ್ನಿ. ಊರಂಚಿನಲ್ಲಿ ನನ್ನ ಮನೆ ಉಂಟು. ಜಗಲಿಯಲ್ಲಿ ಬೆಂಚು ಹಾಕಿದ್ದೇನೆ. ಗಾಯ ಮಾಯುವುದಿಲ್ಲ, ಅದು ಹೇಳ್ತೇನೆ. ಕೂರ್ಲಿಕ್ಕೆ ಆಗ್ತದೆ."

ಒಬ್ಬ ಕೊಡಲಿಯವನು ಬಂದ. ಬೆಂಚಿನ ಮೇಲೆ ಕೂತ. ಅವನ ಹಿಂದೆ ಕುದುರೆ ಕಳಕೊಂಡವಳು. ಆಮೇಲೆ ರೆಕ್ಕೆ ಮಡಚಿಕೊಂಡು ಕೌಶಿಕ್. "ರಜತ್, ನೀನೆಲ್ಲಿ? ಇಲ್ಲಿ ನಡುವೆ ನಡೆದಾಡ್ಲಿಕ್ಕೂ ಜಾಗ ಬಿಟ್ಟಿದ್ದಾರೆ ಕಣೋ, ಹೋಟೆಲ್ ಥರ!" ಎಂದು ಅವನ ದನಿ ಟೆರೇಸಿನ ತಗಡಿಗೆ ಬಡಿಯಿತು.

ರಜತ್ ನಗು ತಡೆಯಲು ನೋಡಿದ, ಆಗಲಿಲ್ಲ. ಅವನ ಮಂತ್ರಖಡ್ಗದ ವೀರ ನಡೆದು ಬಂದು ಕಾಂತಪ್ಪನ ಬೆಂಚಿನಲ್ಲಿ ಕೂತ.

ಎರಡು ದಿನ ಕಳೆದ ಮೇಲೆ ಪುಟದ ನೆತ್ತಿಯಲ್ಲಿ ರಜತನ ಹೊಸ ಅಭಿಪ್ರಾಯ ಕಾಣಿಸಿತು. "ಆಟಕ್ಕೆ ಈಗಲೂ ಒಂದೇ ನಕ್ಷತ್ರ. ಆದರೆ ಊರಂಚಿನಲ್ಲಿ ಕಾಂತಪ್ಪನ ಜಗಲಿ ಎಂಬುದೊಂದಿದೆ. ಹೋಗಿ ಕೂರಿ. ಯಜಮಾನರು ಕಪ್ಪೆಗೆ ಹೆದರುತ್ತಾರೆ, ಬಂದವರನ್ನು ಎಬ್ಬಿಸುವುದಿಲ್ಲ." ಹೆಬ್ಬೆರಳುಗಳು ಹಿಂದೆಂದೂ ಬೀಳದಷ್ಟು ಬಿದ್ದವು. ಜಗಲಿ ತುಂಬಿತು. ಕಾಂತಪ್ಪ ಹೊಸ ಬೆಂಚಿಗೆ ಕಟ್ಟಿಗೆ ತರಲು ಹೋದಾಗೆಲ್ಲ ಯಾರಾದರೊಬ್ಬರು ಕತ್ತಿ ಹಿರಿದು ಕಪ್ಪೆಯನ್ನು ಓಡಿಸುತ್ತಿದ್ದರು.

ಟೆರೇಸಿನಲ್ಲಿ ವಿಠ್ಠಲ ಬಡಿಸಿದ. ಪ್ರವೀಣ ಎಲೆಗೆ ಕೈ ಹಾಕಲು ಹೊರಟಾಗ ರಜತ್ ಅವನ ಮಣಿಕಟ್ಟಿಗೆ ಒಂದು ಹೊಡೆದ. "ನಿಲ್ಲಾ. ಅಣ್ಣ ಹೇಳ್ಲಿ."

ಸಾಲಿಡೀ ತಿರುಗಿತು. ಕಾಂತಪ್ಪ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಮುಚ್ಚಿದ. "ಅಡ್ಡಿಲ್ಲ" ಎಂದ. ವಿಠ್ಠಲನ ಹೆಗಲು ಇಳಿಯಿತು, ಕೈಗಳು ಎಲೆಗೆ ಬಿದ್ದವು. ಮರುಗಳಿಗೆಯೇ ಎಲ್ಲರೂ ರಜತನ ಕಡೆ ಹೊರಳಿ ಚಪ್ಪಲಿಯ ಅಂಗಡಿಯ ಸುದ್ದಿ ಕೇಳತೊಡಗಿದರು.

ಸಂಜೆ ಮನೆಯಲ್ಲಿ ಕಾಂತಪ್ಪ ಫೋನು ಹಿಡಿದು ಕೂತಿದ್ದ. ರಜತನ ಅಭಿಪ್ರಾಯ ಮತ್ತೊಮ್ಮೆ ಓದಿದ. ನನ್ನ ಜಗಲಿ, ನನ್ನ ಬೆಂಚು, ಹೆಬ್ಬೆರಳು ಮಾತ್ರ ಅವನಿಗೆ. ಎದೆಯ ಹತ್ತಿರ ಸಣ್ಣಗೆ ಏನೋ ಕಾವು.

ರತ್ನಾವತಿ ಹಿಂದಿನಿಂದ ಬಗ್ಗಿ ನೋಡಿದಳು. "ಅಷ್ಟು ಒಳ್ಳೆದು ಬರೆದಿದ್ದಾನೆ ನಿಮ್ಮ ಬಗ್ಗೆ. ಒಂದು ಹೆಬ್ಬೆರಳು ಒತ್ತಿದ್ರೆ ಗಂಟೇನು ಹೋಗ್ತದೆ?"

ಕಾಂತಪ್ಪನ ಬೆರಳು ಗಾಜಿನ ಹತ್ತಿರ ಹೋಯಿತು, ನಿಂತಿತು.

"ಕಪ್ಪೆಗೆ ಹೆದರುವ ಸಂಗತಿ ಬರೆಯುವುದು ಬೇಕಿತ್ತಾ ಅವನಿಗೆ?" ಎಂದ.

"ಒತ್ತಿ ಮಾರಾಯ್ರೆ."

"ನಾಳೆ ನೋಡುವ" ಎಂದು ಕಾಂತಪ್ಪ ಫೋನು ಮಗುಚಿಟ್ಟ. ಎದೆ ನೀವಿಕೊಂಡು, "ಓಮ ಉಂಟಾ?" ಎಂದು ಕೇಳಿದ.